ಹೊಸ ಕಂಪ್ಯೂಟರು, ಹಳೆಯ ಡಿಸ್ಕು

ಕಳೆದ ಬೇಸಿಗೆ ರಜೆಯಲ್ಲಿ ನಾವಿಬ್ಬರು ಅಧ್ಯಾಪಕರು, ಒಬ್ಬರು ಗಣಿತದವರು, ಮತ್ತೊಬ್ಬರು ವಿಜ್ಞಾನದವರು, ಕೊಡೈಕಾನಲ್‌ಗೆ ಹೋಗಿದ್ದೆವು. ಸೂರ್ಯ ವೀಕ್ಷಣಾಲಯವನ್ನು ನೋಡಬೇಕು, ಕೆರೆಯ ಸುತ್ತ ನಡೆಯಬೇಕು ಎಂದು ಹೊರಟವರು ಮೂರು ದಿನಗಳಲ್ಲಿ ಎರಡನ್ನು ಒಂದು ಕಂಪ್ಯೂಟರಿನ ಮುಂದೆ ಕಳೆದೆವು. ಅಲ್ಲಿ ನಾವು ಮಾಡಿದ ತಪ್ಪುಗಳೂ, ಕೂದಲೆಳೆಯಲ್ಲಿ ತಪ್ಪಿಹೋದ ಒಂದು ನಷ್ಟವೂ ನಮ್ಮ ವಿದ್ಯಾರ್ಥಿಗಳಿಗೆ ಮತ್ತು ಅವರ ತಂದೆತಾಯಿಗಳಿಗೆ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇವೆ.

ನಾವು ಇಳಿದುಕೊಂಡಿದ್ದುದು ಗೆಳೆಯರೊಬ್ಬರ ಮನೆಯಲ್ಲಿ. ಅವರ ಮೂಲ ಊರು ಬೆಟ್ಟದ ಕೆಳಗೆ, ತೇನಿ ಜಿಲ್ಲೆಯ ಕಂಬಂ ಕಣಿವೆ. ಆ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ಕುಟುಂಬಗಳು ಎಷ್ಟೋ ತಲೆಮಾರುಗಳಿಂದ ಇವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಕಪ್ಪಿಲಿಯರು, ಒಕ್ಕಲಿಗರು ಮುಂತಾದವರ ಮನೆಗಳಲ್ಲಿ ಹಿರಿಯರು ಇಂದಿಗೂ ಕನ್ನಡದಲ್ಲೇ ಮಾತನಾಡುತ್ತಾರೆ. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷು. ಕನ್ನಡದ ಅಕ್ಷರ ಬಲ್ಲವರು ವಿರಳ. ಹೀಗಾಗಿ ಅವರ ಕನ್ನಡ ಇರುವುದೆಲ್ಲ ನಾಲಗೆಯ ಮೇಲೆ, ಕಾಗದದ ಮೇಲಲ್ಲ. ಈ ಸಂಗತಿಯನ್ನು ಇಲ್ಲಿ ಏಕೆ ಹೇಳಿದೆವು ಎಂಬುದು ಮುಂದೆ ಗೊತ್ತಾಗುತ್ತದೆ.

ಗೆಳೆಯರ ಮಗಳು ಹನ್ನೊಂದನೆಯ ತರಗತಿ ಮುಗಿಸಿದ್ದಳು. ಅವಳ ಓದಿಗೆಂದು ತಂದೆ ದಿಂಡಿಗಲ್ಲಿನ ಅಂಗಡಿಯೊಂದರಿಂದ ಬಿಡಿಭಾಗಗಳನ್ನು ಕೊಂಡು ತಂದಿದ್ದರು. ಮದರ್‌ಬೋರ್ಡು, ಪ್ರೊಸೆಸರು, ಎರಡು ರ‍್ಯಾಮ್ ಪಟ್ಟಿಗಳು, 240 ಜಿಬಿಯ ಪುಟ್ಟ ಎಸ್‌ಎಸ್‌ಡಿ, ಎಲ್ಲವನ್ನೂ ಹುಡುಗಿ ತಾನೇ ಜೋಡಿಸಿದ್ದಳು. ಕೆಟ್ಟುಹೋದ ಹಳೆಯ ಕಂಪ್ಯೂಟರಿನ 500 ಜಿಬಿಯ ಹಾರ್ಡ್ ಡಿಸ್ಕನ್ನೂ, ಸುಮ್ಮನೆ ಏಕೆ ಬಿಸಾಡುವುದೆಂದು, ಇದೇ ಪೆಟ್ಟಿಗೆಗೆ ಸೇರಿಸಿದ್ದಳು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಬೆಳಗುತ್ತದೆ. ಆದರೆ ವಿಂಡೋಸ್ ಮಾತ್ರ ಒಳಗೆ ಇಳಿಯುತ್ತಿಲ್ಲ. ‘ಮಾಮಾ, ನೀವಿಬ್ಬರೂ ಮೇಷ್ಟ್ರಲ್ಲವಾ, ಸ್ವಲ್ಪ ನೋಡಿ’ ಎಂದಳು. ಮೇಷ್ಟ್ರೆಂದ ಮೇಲೆ ಬಾರದು ಎನ್ನುವುದಕ್ಕೆ ಆಗುತ್ತದೆಯೇ? ಕುಳಿತೆವು.

ಮೊದಲು, ಒಳಗೆ ಇಳಿಯಬೇಕಾದದ್ದು ಏನು ಎಂಬುದನ್ನು ತಿಳಿಯೋಣ. ಜೋಡಿಸಿದ ಕಂಪ್ಯೂಟರಿಗೆ ಕೈಕಾಲು ಇರುತ್ತವೆ. ಆದರೆ ಯಾವ ಕೆಲಸಕ್ಕೆ ಯಾವ ಕೈ ಎತ್ತಬೇಕೆಂಬುದು ಗೊತ್ತಿರುವುದಿಲ್ಲ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತರುವುದು, ಕಡತಗಳನ್ನು ಡಿಸ್ಕಿನಲ್ಲಿ ಇಡುವುದು, ಮತ್ತೆ ಹುಡುಕಿ ಕೊಡುವುದು, ಈ ಮೇಲ್ವಿಚಾರಣೆಯನ್ನೆಲ್ಲ ಮಾಡುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಒಂದು ಬಗೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇನ್ನೊಂದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಲಿನಕ್ಸನ್ನು ಆಧರಿಸಿ ‘ಬಾಸ್’ ಎಂಬುದನ್ನು ರೂಪಿಸಿದೆ. 2011ರಲ್ಲಿ ತಮಿಳುನಾಡು ಸರಕಾರ ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ಹಂಚತೊಡಗಿದಾಗ ಅವುಗಳಲ್ಲಿ ವಿಂಡೋಸೂ ಇತ್ತು, ಬಾಸೂ ಇತ್ತು. ಗೆಳೆಯರ ತಮ್ಮನ ಮಗನಿಗೆ ಬಂದಿದ್ದ ಅಂಥದೊಂದು ಲ್ಯಾಪ್‌ಟಾಪ್ ಇನ್ನೂ ಕುಂಟುತ್ತ ನಡೆಯುತ್ತಿತ್ತು. ನಮ್ಮ ಪೆನ್‌ಡ್ರೈವ್‌ಗಳೆಲ್ಲ ತಯಾರಾದದ್ದು ಅದರಲ್ಲಿಯೇ.

ಗುಂಡಿ ಒತ್ತಿದ ಕೂಡಲೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಇರುವ ಒಂದು ಪುಟ್ಟ ತಂತ್ರಾಂಶ ಎಚ್ಚರಗೊಳ್ಳುತ್ತದೆ. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದರು; ಈಗಿನ ಯಂತ್ರಗಳಲ್ಲಿ ಇರುವುದು ಯುಇಎಫ್‌ಐ, ಆದರೂ ಜನರ ಬಾಯಲ್ಲಿ ಬಯೋಸ್ ಎಂದೇ ಉಳಿದಿದೆ. ಅದು ತರಗತಿಯಲ್ಲಿ ಹಾಜರಿ ಕರೆದಂತೆ ಪ್ರೊಸೆಸರ್ ಇದೆಯೇ, ರ‍್ಯಾಮ್ ಇದೆಯೇ, ಡಿಸ್ಕು ಇದೆಯೇ ಎಂದು ಒಂದೊಂದನ್ನೇ ಕರೆಯುತ್ತದೆ. ‘ಹಾಜರ್’ ಎಂದವರ ಹೆಸರು ಬಯೋಸಿನ ಪರದೆಯಲ್ಲಿ ಕಾಣುತ್ತದೆ. ಹೊಸ ಕಂಪ್ಯೂಟರಿಗೆ ವಿಂಡೋಸ್ ಹಾಕುವ ಮೊದಲು ಈ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ನಾವು ನೋಡಲಿಲ್ಲ. ಮುಂದಿನ ಪಾಡೆಲ್ಲ ಅಲ್ಲಿಂದ ಶುರುವಾಯಿತು.

ಪೆನ್‌ಡ್ರೈವ್ ಚುಚ್ಚಿ ಆರಂಭಿಸಿದೆವು. ಯಾವ ಡಿಸ್ಕಿಗೆ ವಿಂಡೋಸ್ ಹಾಕಲಿ ಎಂದು ಪರದೆ ಕೇಳಿತು. ಪಟ್ಟಿಯಲ್ಲಿ ಇದ್ದುದು ಒಂದೇ ಡಿಸ್ಕು. ಅದನ್ನೇ ಆರಿಸಿದರೆ ಆಗದು ಎಂದಿತು. ಇಂಗ್ಲಿಷಿನಲ್ಲಿ ಬಂದ ಸಂದೇಶದ ತಾತ್ಪರ್ಯ ಇಷ್ಟು: ಈ ಡಿಸ್ಕಿನ ವಿಭಾಗಗಳ ಪಟ್ಟಿ ಎಂಬಿಆರ್ ಮಾದರಿಯದು, ಈ ಯಂತ್ರದಲ್ಲಿ ಜಿಪಿಟಿ ಮಾದರಿಯ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು.

ಡಿಸ್ಕನ್ನು ಒಂದು ಗ್ರಂಥಾಲಯವೆಂದುಕೊಳ್ಳಿ. ಯಾವ ಕೋಣೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದ ನಕ್ಷೆಯೊಂದು ಬಾಗಿಲಲ್ಲೇ ತೂಗುಹಾಕಿರುತ್ತದೆ. 1983ರಷ್ಟು ಹಿಂದಿನ ನಕ್ಷೆಯ ಕ್ರಮ ಎಂಬಿಆರ್. ಅದರಲ್ಲಿ ಮುಖ್ಯ ಕೋಣೆಗಳು ನಾಲ್ಕೇ, ಮತ್ತು ಸುಮಾರು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ಅಳೆಯಲಾರದು. ಜಿಪಿಟಿ ಎಂಬುದು ಆ ತೊಡಕುಗಳಿಲ್ಲದ ಹೊಸ ಕ್ರಮ. ಹಳೆಯದನ್ನು ಹೊಸದಕ್ಕೆ ಬದಲಿಸಲು ‘ಕ್ಲೀನ್’ ಎಂಬ ಒಂದೇ ಪದದ ಆಜ್ಞೆ ಇದೆ. ಅದನ್ನು ಹುಡುಗಿ ಎಲ್ಲಿಯೋ ನೋಡಿ ಕಲಿತಿದ್ದಳು. ಕಪ್ಪು ಪರದೆಯನ್ನು ತೆರೆದು, ಡಿಸ್ಕಿನ ಸಂಖ್ಯೆ ಕೊಟ್ಟು, ಆ ಪದವನ್ನು ಬೆರಳಚ್ಚಿಸಿಯೂ ಆಗಿತ್ತು. ಎಂಟರ್ ಒತ್ತುವುದೊಂದೇ ಬಾಕಿ. ನಾವೂ, ಹೇಳಲು ನಾಚಿಕೆಯಾಗುತ್ತದೆ, ‘ಹೂಂ, ಒತ್ತಮ್ಮ’ ಎನ್ನುವುದರಲ್ಲಿದ್ದೆವು.

ಅಷ್ಟರಲ್ಲಿ ಗೆಳೆಯರ ತಾಯಿ ಸುಕ್ಕಿನ ಕಾಫಿ ತಂದರು. ಲೋಟಗಳನ್ನು ಇಡುತ್ತ, ‘ಅಕ್ಕನ ಪದಗಳೆಲ್ಲ ಇದರಲ್ಲೂ ಕೇಳಿಸ್ತವಾ?’ ಎಂದು ಕೇಳಿದರು.

ಹುಡುಗಿಯ ಬೆರಳು ನಿಂತಿತು. ಅಜ್ಜಿಯ ಅಕ್ಕ ಕಂಬಂನಲ್ಲಿದ್ದವರು. ಮದುವೆಯ ಪದ, ಬೀಸುವ ಪದ, ತೊಟ್ಟಿಲ ಪದಗಳನ್ನು ಗಂಟೆಗಟ್ಟಲೆ ಹಾಡುತ್ತಿದ್ದರಂತೆ. 2013ರಲ್ಲಿ ಗೆಳೆಯರು ತಮ್ಮ ಫೋನಿನಲ್ಲಿ ಅವನ್ನು ಹಿಡಿದಿಟ್ಟು ಹಳೆಯ ಕಂಪ್ಯೂಟರಿಗೆ ಹಾಕಿದ್ದರು. ಎರಡು ವರ್ಷಗಳಲ್ಲಿ ಆ ತಾಯಿ ತೀರಿಕೊಂಡರು, ಫೋನೂ ಕಳೆದುಹೋಯಿತು. ಹಾಡುಗಳು ಉಳಿದಿದ್ದರೆ ಹಳೆಯ ಡಿಸ್ಕಿನಲ್ಲಿ ಮಾತ್ರ.

ಹಾಗಾದರೆ ಪರದೆಯ ಮೇಲಿದ್ದ ಡಿಸ್ಕು ಯಾವುದು? ಹೊಸದೋ ಹಳೆಯದೋ? ಉತ್ತರ ನಮ್ಮ ಕಣ್ಣೆದುರೇ ಇತ್ತು. ಗಾತ್ರ 465 ಜಿಬಿ ಎಂದು ತೋರಿಸುತ್ತಿತ್ತು. 465 ಎಂಬ ಡಿಸ್ಕನ್ನು ನಾವು ಕೊಂಡೇ ಇಲ್ಲವಲ್ಲ ಎಂದು ಹುಡುಗಿ ಅದರ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಇದು ಸಣ್ಣ ಲೆಕ್ಕ, ಒಂಬತ್ತನೆಯ ತರಗತಿಯವರೂ ಮಾಡಬಹುದು. ಡಿಸ್ಕು ತಯಾರಿಸುವವರು 1 ಜಿಬಿ ಎಂದರೆ 100 ಕೋಟಿ ಬೈಟು ಎಂದು ಎಣಿಸುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, 107,37,41,824 ಬೈಟಿಗೆ 1 ಜಿಬಿ ಎನ್ನುತ್ತದೆ. 50,000 ಕೋಟಿಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವುದು 465 ಚಿಲ್ಲರೆ. ಅದೇ ರೀತಿ 240 ಜಿಬಿಯ ಹೊಸ ಡಿಸ್ಕು 223 ಚಿಲ್ಲರೆಯಾಗಿ ಕಾಣಬೇಕು. ಪರದೆಯಲ್ಲಿದ್ದುದು ಹಳೆಯ ಡಿಸ್ಕು. ನಮ್ಮ ಕೈ ಹಿಡಿದು ನಿಲ್ಲಿಸಿದ ಆ ದೋಷ ಸಂದೇಶವನ್ನು ನಾವು ಅಡ್ಡಿಯೆಂದು ತಿಳಿದು ದಾಟಲು ಹೊರಟಿದ್ದೆವು!

‘ಕ್ಲೀನ್’ ಆಜ್ಞೆ ಬಾಗಿಲಿನ ಆ ನಕ್ಷೆಯನ್ನು ಹರಿದುಹಾಕುತ್ತದೆ. ಪುಸ್ತಕಗಳು ಒಳಗೇ ಇರಬಹುದು, ಆದರೆ ಎಲ್ಲಿವೆ ಎಂದು ಯಂತ್ರಕ್ಕೆ ತಿಳಿಯದು. ಅದರ ಮೇಲೆ ವಿಂಡೋಸ್ ಬರೆದುಬಿಟ್ಟರೆ ಮುಗಿಯಿತು. ಬೇರೇನೂ ಮಾಡದೆ ಯಂತ್ರವನ್ನು ಆರಿಸಿದೆವು. ಗೋಡೆಯ ಸ್ವಿಚ್ಚು ತೆಗೆದು, ಹಳೆಯ ಡಿಸ್ಕಿನ ಎರಡು ಕೇಬಲ್‌ಗಳನ್ನೂ ಕಿತ್ತು, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಕೈಗೇ ಕೊಟ್ಟೆವು. ಅವರು ಅದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ವಿಂಡೋಸ್ ಹಾಕುವಾಗ ಬೇಕಾದ ಹಳೆಯ ಡಿಸ್ಕು ಯಂತ್ರದಲ್ಲಿ ಇರಲೇಬಾರದು. ಇದನ್ನು ಕಲಿಯಲು ನಮಗೆ ಕಾಫಿಯ ಹೊತ್ತು ನೆರವಾಯಿತು.

ಹೊಸ ಡಿಸ್ಕು ಏಕೆ ಹಾಜರಿ ಹೇಳಲಿಲ್ಲ? ನಾವು ಮೊದಲು ತಪ್ಪು ಹೊರಿಸಿದ್ದು ಮಂಜಿನ ಮೇಲೆ. ಕೊಡೈಕಾನಲ್ ಸಮುದ್ರಮಟ್ಟಕ್ಕಿಂತ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ದಿಂಡಿಗಲ್ಲಿನ ಬಿಸಿ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲ ಬೆಟ್ಟಕ್ಕೆ ಬಂದು ತಣ್ಣಗಾದರೆ ಒಳಗಿನ ಆವಿ ಹನಿಯಾಗಬಹುದು. ಅಂಥ ಚೀಲದಿಂದ ತೆಗೆದ ಭಾಗಗಳನ್ನು ಕೆಲವು ಗಂಟೆ ಒಣಗಲು ಬಿಟ್ಟು ಆಮೇಲೆ ವಿದ್ಯುತ್ ಕೊಡುವುದು ಕ್ಷೇಮ. ವಿಜ್ಞಾನದ ಮೇಷ್ಟ್ರು ಇದನ್ನು ಬಹಳ ಚೆನ್ನಾಗಿ ವಿವರಿಸಿದರು. ಆದರೆ ಕಾರಣ ಅದಲ್ಲ. ಪೆಟ್ಟಿಗೆ ತೆರೆದು ದೀಪ ಹಿಡಿದರೆ, ಎಸ್‌ಎಸ್‌ಡಿಯ ಒಂದು ತುದಿ ಮೇಲಕ್ಕೆ ಎದ್ದು ನಿಂತಿತ್ತು. ಅದನ್ನು ಅದುಮಿ ಹಿಡಿಯುವ ಅಕ್ಕಿಕಾಳಿನಷ್ಟು ಸ್ಕ್ರೂ ಮದರ್‌ಬೋರ್ಡಿನ ಡಬ್ಬಿಯ ಮೂಲೆಯಲ್ಲೇ ಉಳಿದಿತ್ತು. ಡಿಸ್ಕನ್ನು ಪೂರ್ತಿ ಒಳಗೆ ತಳ್ಳಿ, ಸ್ಕ್ರೂ ಬಿಗಿದು, ಈ ಸಲ ಮೊದಲು ಬಯೋಸಿನ ಪರದೆ ನೋಡಿದೆವು. ಹೊಸ ಡಿಸ್ಕಿನ ಹೆಸರು ಬಂದಿತ್ತು. ಮುಂದೆ ಡಿಸ್ಕು ಆರಿಸುವ ಪರದೆಯಲ್ಲಿ ಗಾತ್ರ 223 ಎಂದೇ ಕಂಡಿತು. ಕೆಲವು ಯಂತ್ರಗಳಲ್ಲಿ ಬಯೋಸಿಗೆ ಕಾಣುವ ಡಿಸ್ಕು ವಿಂಡೋಸಿನ ಪಟ್ಟಿಯಲ್ಲಿ ಕಾಣದೆ ಇರುವುದೂ ಉಂಟು. ಆಗ ಮದರ್‌ಬೋರ್ಡ್ ತಯಾರಕರು ಕೊಡುವ ಡ್ರೈವರ್ ಎಂಬ ಸಣ್ಣ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಕೊಡಬೇಕು. ನಮಗೆ ಅದರ ಅಗತ್ಯ ಬೀಳಲಿಲ್ಲ.

ಇನ್ನೇನು ಆಯಿತು ಎಂದುಕೊಂಡರೆ, ಅರ್ಧ ದಾರಿಯಲ್ಲಿ ಮತ್ತೆ ನಿಂತಿತು. ಕಡತ ಕೆಟ್ಟಿದೆ ಅಥವಾ ಓದಲು ಬರುತ್ತಿಲ್ಲ ಎಂಬ ಮಾತು, ಜೊತೆಗೆ 0x80070570 ಎಂಬ ಸಂಖ್ಯೆ. ಇಂಥ ಸಂಖ್ಯೆಯನ್ನು ಕಂಡರೆ ಹೆದರಿ ಪರದೆ ಮುಚ್ಚುವವರೇ ಹೆಚ್ಚು. ಅದನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಎಷ್ಟು ಶೇಕಡಾ ಆದಾಗ ನಿಂತಿತು ಎಂಬುದನ್ನೂ ಬರೆಯಬೇಕು. ಹುಡುಗಿಗೆ ಹಾಗೆ ಮಾಡಲು ಹೇಳಿದೆವು. ಅದೇ ಮುಂದೆ ದಾರಿ ತೋರಿಸಿತು.

ಸಂಶಯಕ್ಕೆ ಒಳಗಾದವರು ಮೂವರು: ಇಳಿಸಿಕೊಂಡ ಕಡತ, ಪೆನ್‌ಡ್ರೈವ್, ರ‍್ಯಾಮ್. ಮೂರನ್ನೂ ಒಟ್ಟಿಗೆ ಬದಲಿಸಿದರೆ ಕೆಲಸ ಆಗಬಹುದು, ಆದರೆ ಕಳ್ಳ ಯಾರೆಂದು ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಮುಟ್ಟುವುದೆಂದು ನಿಶ್ಚಯಿಸಿದೆವು. ಕಡತವನ್ನು ಪರೀಕ್ಷಿಸಲು ಒಂದು ಸೊಗಸಾದ ಉಪಾಯವಿದೆ. ಎಸ್‌ಎಚ್‌ಎ-256 ಎಂಬ ಗಣಿತ ಕ್ರಮ ಎಷ್ಟು ದೊಡ್ಡ ಕಡತವನ್ನಾದರೂ ಅರೆದು 64 ಅಕ್ಷರಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಒಂದು ಚುಕ್ಕೆ ವ್ಯತ್ಯಾಸವಾದರೂ ಮುದ್ರೆ ಗುರುತೇ ಸಿಗದಷ್ಟು ಬದಲಾಗುತ್ತದೆ. ತಯಾರಕರು ಪ್ರಕಟಿಸಿದ ಮುದ್ರೆಗೂ ನಮ್ಮದಕ್ಕೂ ಒಬ್ಬರು ಓದಿ ಒಬ್ಬರು ತಾಳೆ ನೋಡಿದೆವು. ಸರಿಯಾಗಿತ್ತು; ಕಡತ ನಿರಪರಾಧಿ. ಬೇರೆ ಪೆನ್‌ಡ್ರೈವ್ ಹಾಕಿದೆವು. ಮತ್ತೆ ನಿಂತಿತು, ಆದರೆ ಮೊದಲು ಶೇಕಡಾ 61ರಲ್ಲಿ ನಿಂತದ್ದು ಈಗ 38ರಲ್ಲಿ. ಅದೇ ಪೆನ್‌ಡ್ರೈವನ್ನು ಇನ್ನೊಮ್ಮೆ ಹಾಕಿದರೆ 74ರಲ್ಲಿ. ಪೆನ್‌ಡ್ರೈವಿನ ಒಂದು ಜಾಗ ಕೆಟ್ಟಿದ್ದರೆ ಸಾಮಾನ್ಯವಾಗಿ ಪ್ರತಿಸಲವೂ ಒಂದೇ ಕಡೆ ನಿಲ್ಲಬೇಕಲ್ಲವೆ? ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆಂದರೆ, ಹಾದಿಯಲ್ಲಿ ಕಡತವನ್ನು ಹೊತ್ತುಕೊಳ್ಳುವ ರ‍್ಯಾಮ್ ಮೇಲೆಯೇ ಅನುಮಾನ.

ಎರಡು ರ‍್ಯಾಮ್ ಪಟ್ಟಿಗಳನ್ನೂ ಬೇರೆ ಮಾಡಿ, ಒಂದೊಂದನ್ನೇ ಹಾಕಿ, ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವನ್ನು ಓಡಿಸಿದೆವು. ಗಂಟೆಗಳೇ ಹಿಡಿಯುವ ಕೆಲಸ. ನಡುವೆ ಒಮ್ಮೆ ಕರೆಂಟು ಹೋಗಿ ಮೊದಲಿನಿಂದ ಶುರುಮಾಡಬೇಕಾಯಿತು. ಒಂದು ಪಟ್ಟಿ ಶುದ್ಧ. ಇನ್ನೊಂದು ಹಾಕಿದೊಡನೆ ಪರದೆಯ ತುಂಬ ಕೆಂಪು ಸಾಲುಗಳು. ಅದನ್ನು ತೆಗೆದಿಟ್ಟು, ಉಳಿದ 8 ಜಿಬಿಯ ಒಂದೇ ಪಟ್ಟಿಯಿಂದ ವಿಂಡೋಸ್ 11 ಅನ್ನು ಹಾಕಿದೆವು. ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಕೆಟ್ಟ ಪಟ್ಟಿಯನ್ನು ಅಂಗಡಿಯವರು ಆಮೇಲೆ ಮಾತಿಲ್ಲದೆ ಬದಲಿಸಿ ಕೊಟ್ಟರಂತೆ. ಹುಡುಗಿಯ ನೋಟ್‌ಬುಕ್ಕಿನ ಆ ಮೂರು ಅಂಕಿಗಳನ್ನು ತೋರಿಸಿದ್ದೇ ಅದಕ್ಕೆ ಕಾರಣವೆಂದು ಗೆಳೆಯರು ಹೇಳುತ್ತಾರೆ.

ಮಾರನೆಯ ದಿನ ಬೆಳಿಗ್ಗೆ ವೀಕ್ಷಣಾಲಯಕ್ಕೆ ಹೋದೆವು. 1899ರಲ್ಲಿ ಆರಂಭವಾದ ಆ ಸಂಸ್ಥೆ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಗಾಜಿನ ಫಲಕಗಳ ಮೇಲೆ, ಫಿಲ್ಮುಗಳ ಮೇಲೆ ತೆಗೆದ ಸೂರ್ಯನ ಚಿತ್ರಗಳನ್ನು ಕಂಪ್ಯೂಟರಿನ ಕಡತಗಳಾಗಿ ಮಾಡಿದ್ದಾರೆ; ಮೂಲ ಫಲಕಗಳನ್ನೂ ಎಸೆದಿಲ್ಲ. ಮನೆಗೆ ಬಂದೊಡನೆ ಅಜ್ಜಿಯಿಂದ ಬೀಗ ತೆಗೆಸಿ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿದೆವು. 41 ಹಾಡುಗಳಿದ್ದವು. ಒಂದು ಪ್ರತಿ ಹೊಸ ಡಿಸ್ಕಿಗೆ, ಒಂದು ಪೆನ್‌ಡ್ರೈವಿಗೆ, ಇನ್ನೊಂದು ಕಂಬಂನ ನೆಂಟರ ಮನೆಗೆ. ಹಳೆಯ ಡಿಸ್ಕು ಮತ್ತೆ ಪೆಟ್ಟಿಗೆ ಸೇರಿತು.

ಕಡತಗಳಿಗೆಲ್ಲ ಬರಿಯ ಅಂಕಿಗಳೇ ಹೆಸರಾಗಿದ್ದವು. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ವಿಂಡೋಸಿನಲ್ಲಿ ಕನ್ನಡ ಅಕ್ಷರಗಳಿವೆ. ಸೆಟ್ಟಿಂಗ್ಸಿನಲ್ಲಿ ಭಾಷೆಯ ಪುಟ ತೆರೆದು ಕನ್ನಡ ಕೀಲಿಮಣೆಯನ್ನು ಸೇರಿಸಿದರೆ ಸಾಕು. ಅಜ್ಜಿ ಒಂದೊಂದು ಹಾಡು ಕೇಳಿ ಹೆಸರು ಹೇಳುತ್ತ ಹೋದರು, ನಾವು ಅಕ್ಷರ ಹೇಳಿಕೊಟ್ಟೆವು, ಹುಡುಗಿ ಹುಡುಕಿ ಹುಡುಕಿ ಒತ್ತಿದಳು. ಸಂಜೆಯ ಬಸ್ಸು ಬರುವ ಹೊತ್ತಿಗೆ 26 ಆಗಿದ್ದವು. ಉಳಿದ 15 ಹಾಡುಗಳ ಹೆಸರನ್ನು ಅವಳೇ ಬರೆದು ಕಳುಹಿಸಿದ್ದಾಳೆ. ಎರಡು ಕಡೆ ಒತ್ತಕ್ಷರ ತಪ್ಪಿದೆ.