ಕೈಗವಸು ಹಾಕಿದರೆ ಟ್ರಿಮ್ಮರ್ ಸುರಕ್ಷಿತವೇ? ಮರಗೆಲಸದ ಪುಟ್ಟ ರೂಟರ್ ಬಗ್ಗೆ ಹರಿದಾಡುವ ತಪ್ಪು ಮಾತುಗಳು

ರೂಟರ್ ಅಂದಕೂಡಲೇ ನಮಗೆ ನೆನಪಾಗುವುದು ವೈಫೈ ಡಬ್ಬಿ. ಇಲ್ಲಿ ಹೇಳುತ್ತಿರುವುದು ಅದಲ್ಲ. ಅಡುಗೆಮನೆಯ ಕಪಾಟನ್ನೋ ವಾರ್ಡ್‌ರೋಬನ್ನೋ ಮಾಡಿಸುವಾಗ ಬಡಗಿಯ ಕೈಯಲ್ಲಿ ಕಿವಿ ಕೊರೆಯುವಂತೆ ಕಿರುಚುವ, ನೀರಿನ ಬಾಟಲಿಯಷ್ಟು ದಪ್ಪದ ಯಂತ್ರವೊಂದನ್ನು ನೀವು ನೋಡಿರಬಹುದು. ಪ್ಲೈವುಡ್ ಮೇಲೆ ಅಂಟಿಸಿದ ಸನ್‌ಮೈಕಾದ ಅಂಚನ್ನು ಸಮ ಮಾಡುವುದು ಅದೇ. ಬಡಗಿಗಳು ಇದನ್ನು ಟ್ರಿಮ್ಮರ್ ಎನ್ನುತ್ತಾರೆ. ಅಂಚನ್ನು ದುಂಡಗೆ ಮಾಡಲು, ಹಲಗೆಯಲ್ಲಿ ಗಾಡಿ ತೆಗೆಯಲು, ಕದದ ಹಿಂಜಿಗೆ ಜಾಗ ಕೊರೆಯಲು ಕೂಡ ಇದು ಬರುತ್ತದೆ.

ಇತ್ತೀಚೆಗೆ ಮನೆಯಲ್ಲೇ ಮರಗೆಲಸ ಮಾಡುವ ಹವ್ಯಾಸ ಹೆಚ್ಚಿದೆ. ಜೊತೆಗೆ ವಾಟ್ಸಾಪ್‌ನಲ್ಲಿ ವಿಡಿಯೊಗಳೂ ಹೆಚ್ಚಿವೆ. ಒಂದೇ ಕೈಯಲ್ಲಿ ಹಿಡಿಯಬಹುದು, ಚಿಕ್ಕ ಮಷಿನ್ ಆದ್ದರಿಂದ ಅಪಾಯವಿಲ್ಲ, ಭಯವಿದ್ದರೆ ಕೈಗವಸು ಹಾಕಿಕೊಳ್ಳಿ ಅನ್ನುವ ಮಾತುಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಮೂರೂ ತಪ್ಪು. ಕೈಗವಸಿನ ಮಾತಂತೂ ಬೆರಳನ್ನೇ ಕಳೆಯಬಲ್ಲದು.

ಮೊದಲು ವೇಗದ ಲೆಕ್ಕ ನೋಡೋಣ. ಗೋಡೆ ಕೊರೆಯುವ ಸಾಮಾನ್ಯ ಡ್ರಿಲ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಟ್ರಿಮ್ಮರ್ ತಿರುಗುವುದು 30,000 ಸುತ್ತಿನ ಆಸುಪಾಸು. ಅಂದರೆ ಸೆಕೆಂಡಿಗೆ 500 ಸುತ್ತು. ಎರಡು ಅಲಗಿನ ಬಿಟ್ ಹಾಕಿದ್ದರೆ ಒಂದು ಸೆಕೆಂಡಿನಲ್ಲಿ ಅದು ಮರಕ್ಕೆ ಸಾವಿರ ಏಟು ಹಾಕುತ್ತದೆ. ಬಿಟ್ 25 ಮಿ.ಮೀ. ಅಗಲದ್ದಾದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 140 ಕಿ.ಮೀ. ಬೆರಳು ತಾಗಿದಾಗ ಥಟ್ಟನೆ ಹಿಂದೆಗೆದುಕೊಂಡರಾಯಿತು ಎಂದು ನಾವು ಅಂದುಕೊಳ್ಳುತ್ತೇವಲ್ಲ, ನೋವು ಮಿದುಳಿಗೆ ತಲುಪಿ ಕೈ ಹಿಂದೆ ಬರುವಷ್ಟರಲ್ಲಿ ನೂರಾರು ಏಟು ಬಿದ್ದು ಮುಗಿದಿರುತ್ತದೆ. ಮಷಿನ್ ಚಿಕ್ಕದಾದರೂ ಇದು ಡ್ರಿಲ್‌ಗಿಂತ ಸೌಮ್ಯವಲ್ಲ.

ಇನ್ನು ಕೈಗವಸಿನ ವಿಷಯ. ಅದು ಗಾಯ ತಡೆಯುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಬೇರೆ ಕೆಲಸಗಳಿಂದ. ಗಾಜು ಎತ್ತುವಾಗ, ಸನ್‌ಮೈಕಾ ಹಾಳೆ ಹೊರುವಾಗ ಅದು ನಿಜವೇ. ಆದರೆ ತಿರುಗುವ ಅಲಗಿನ ಹತ್ತಿರ ಬಟ್ಟೆಯ ಒಂದೇ ಒಂದು ಎಳೆ ಸಿಕ್ಕರೂ ಅದು ಸುತ್ತಿಕೊಳ್ಳುತ್ತದೆ. ಬರಿಗೈ ತಾಗಿದರೆ ಚರ್ಮ ಕತ್ತರಿಸುತ್ತದೆ, ಕೆಲವೊಮ್ಮೆ ಅಷ್ಟಕ್ಕೇ ಮುಗಿಯುತ್ತದೆ. ಕೈಗವಸು ಸಿಕ್ಕಿಕೊಂಡರೆ ಇಡೀ ಬೆರಳನ್ನೇ ಒಳಗೆಳೆಯುತ್ತದೆ. ದೊಡ್ಡ ರೂಟರ್‌ಗೆ ಎರಡು ಹಿಡಿಗಳಿದ್ದು ಕೈ ಬಿಟ್‌ನಿಂದ ದೂರವಿರುತ್ತದೆ. ಟ್ರಿಮ್ಮರಿನಲ್ಲಿ ಮೈಯನ್ನೇ ಹಿಡಿಯುವುದರಿಂದ ಬೆರಳು ಬಿಟ್‌ಗೆ ಕೆಲವೇ ಇಂಚು ದೂರ. ಯಂತ್ರಗಳ ಜೊತೆ ಬರುವ ಸುರಕ್ಷತಾ ಪುಸ್ತಿಕೆಯಲ್ಲಿ ಸಡಿಲ ಬಟ್ಟೆ, ಆಭರಣ, ಬಿಟ್ಟ ಕೂದಲು ತಿರುಗುವ ಭಾಗದಿಂದ ದೂರವಿರಲಿ ಎಂದು ಬರೆದಿರುವುದೂ ಇದಕ್ಕೇ. ದುಪಟ್ಟಾ, ಉದ್ದ ತೋಳು, ಮಣಿಕಟ್ಟಿನ ದಾರ, ಕಡಗ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. (ಕೈಗೆ ಕಟ್ಟಿದ ದೇವರ ದಾರ ಬಿಚ್ಚಲು ಮನಸ್ಸಿಲ್ಲದಿದ್ದರೆ ಅದರ ಮೇಲೆ ಟೇಪ್ ಸುತ್ತಿ ಬಿಗಿ ಮಾಡಿಕೊಳ್ಳಿ.)

ಬೆರಳು ಉಳಿಸುವುದು ಕೈಗವಸಲ್ಲ, ಕ್ಲ್ಯಾಂಪ್. ಮರವನ್ನು ಮೇಜಿಗೆ ಕ್ಲ್ಯಾಂಪಿನಿಂದ ಬಿಗಿದರೆ ಎರಡು ಕೈಯೂ ಯಂತ್ರದ ಮೇಲಿರುತ್ತವೆ, ಬಿಟ್ ಹತ್ತಿರ ಯಾರ ಕೈಯೂ ಇರುವುದಿಲ್ಲ. ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಟ್ರಿಮ್ಮರ್ ಹಿಡಿಯುವ ವಿಡಿಯೊ ಬಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಮುಂದಕ್ಕೆ ಕಳಿಸಬೇಡಿ. ಅನುಭವಿ ಬಡಗಿಗಳು ಹಾಗೆ ಮಾಡುತ್ತಾರಲ್ಲ ಎಂದು ನೀವು ಕೇಳಬಹುದು. ಮಾಡುತ್ತಾರೆ, ನಿಜ. ಅವರದ್ದು ದಿನಗೂಲಿಯ ಅವಸರ. ನಮಗೆ ಆ ಅವಸರವೂ ಇಲ್ಲ, ಆ ಕೈ ಪಳಗಿಕೆಯೂ ಇಲ್ಲ.

ವಿಡಿಯೊಗಳು ಬಹುತೇಕ ಹೇಳದೇ ಬಿಡುವ ಸಂಗತಿ, ಯಂತ್ರವನ್ನು ಯಾವ ಕಡೆಗೆ ನೂಕಬೇಕು ಎಂಬುದು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಲಗೆಯ ಅಂಚು ನಿಮ್ಮ ಕಡೆಗಿದ್ದಾಗ ಯಂತ್ರವನ್ನು ಎಡದಿಂದ ಬಲಕ್ಕೆ ನಡೆಸಬೇಕು. ಆಗ ಅಲಗು ನಿಮ್ಮ ನೂಕಿಗೆ ಎದುರಾಗಿ ಕೆಲಸ ಮಾಡುತ್ತದೆ, ಹಿಡಿತ ನಿಮ್ಮದಾಗಿರುತ್ತದೆ. ಬಲದಿಂದ ಎಡಕ್ಕೆ ನಡೆಸಿದರೆ ಅಲಗುಗಳು ಗಾಲಿಯಂತೆ ಮರದ ಮೇಲೆ ಉರುಳಲು ಹೋಗಿ ಯಂತ್ರವೇ ಮುಂದಕ್ಕೆ ಓಡುತ್ತದೆ. ಕೈ ತಪ್ಪಿ ಜಾರುವುದು ಹೆಚ್ಚಾಗಿ ಹೀಗೆಯೇ. ಮರೆಯದಿರಲು ಒಂದು ಸುಲಭ ಉಪಾಯವಿದೆ. ಹಲಗೆಯ ಹೊರ ಅಂಚಿನ ಸುತ್ತ ಹೋಗುವಾಗ ಅಪ್ರದಕ್ಷಿಣೆ, ಫೋಟೋ ಫ್ರೇಮಿನ ಒಳಭಾಗದಂತಹ ಕಿಂಡಿಯ ಒಳ ಅಂಚಿಗೆ ಪ್ರದಕ್ಷಿಣೆ.

ಬೇಗ ಮುಗಿಸುವ ಆಸೆಗೆ ಒಂದೇ ಸಲ ಆಳವಾಗಿ ಕೊರೆಯುವುದೂ ಬೇಡ. ಟ್ರಿಮ್ಮರಿನಲ್ಲಿ ಒಂದು ಓಟಕ್ಕೆ 3 ಮಿ.ಮೀ. ಮೀರದಿರಲಿ. 9 ಮಿ.ಮೀ. ಆಳದ ಗಾಡಿ ಬೇಕೆಂದರೆ ಮೂರು ಓಟ. ಸುಟ್ಟ ವಾಸನೆ ಬಂದು ಮರ ಕಪ್ಪಾದರೆ ಬಿಟ್ ಮೊಂಡಾಗಿದೆ, ಇಲ್ಲವೇ ನೀವು ತೀರಾ ನಿಧಾನ ಸಾಗುತ್ತಿದ್ದೀರಿ ಎಂದರ್ಥ.

ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದ್ದು ಕೋಲೆಟ್, ಅಂದರೆ ಬಿಟ್‌ನ ಕಡ್ಡಿಯನ್ನು ಹಿಡಿಯುವ ಲೋಹದ ಕೊಳವೆ. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಮತ್ತು ಕಾಲು ಇಂಚು ಎರಡೂ ಸಿಗುತ್ತವೆ. ಎರಡೂ ಒಂದೇ ಎಂದು ಹೇಳುವ ಅಂಗಡಿಯವರಿದ್ದಾರೆ. ಒಂದೇ ಅಲ್ಲ. ಕಾಲು ಇಂಚು ಎಂದರೆ 6.35 ಮಿ.ಮೀ. ಕಾಲು ಇಂಚಿನ ಕೋಲೆಟ್‌ಗೆ 6 ಮಿ.ಮೀ. ಕಡ್ಡಿ ಹಾಕಿದರೆ ಬಿಗಿಯಾದಂತೆ ಕಂಡರೂ ಓಡುವಾಗ ಜಾರಬಹುದು. ಸೆಕೆಂಡಿಗೆ 500 ಸುತ್ತು ತಿರುಗುತ್ತಿರುವ ಉಕ್ಕಿನ ತುಂಡು ಹೊರಗೆ ಹಾರುವುದನ್ನು ಊಹಿಸಿಕೊಳ್ಳಿ. ಬಿಟ್ ಹಾಕುವಾಗ ಪೂರ್ತಿ ಒಳಗೆ ತಳ್ಳಿ, ಆಮೇಲೆ 2 ಮಿ.ಮೀ.ನಷ್ಟು ಹೊರಗೆಳೆದು ಬಿಗಿಯಿರಿ. ಉದ್ದ ಸಾಲದೆಂದು ಕಡ್ಡಿಯ ತುದಿಯನ್ನಷ್ಟೇ ಕಚ್ಚಿಸಬೇಡಿ.

ವೇಗ ಕಡಿಮೆ ಮಾಡುವ ಚಕ್ರವಿದ್ದರೆ ಒಳ್ಳೆಯದು, ಏಕೆಂದರೆ ಅಗಲದ ಬಿಟ್‌ಗಳನ್ನು ಪೂರ್ತಿ ವೇಗದಲ್ಲಿ ಓಡಿಸಬಾರದು. ಬಿಟ್‌ನ ಗರಿಷ್ಠ ವೇಗ ಅದರ ಮೇಲೋ ಪೊಟ್ಟಣದ ಮೇಲೋ ಇರುತ್ತದೆ. ಶಕ್ತಿ 500ರಿಂದ 700 ವಾಟ್ ಇದ್ದರೆ ಮನೆಗೆಲಸಕ್ಕೆ ಧಾರಾಳ. ಎರಡೇ ಪಿನ್ನಿನ ಪ್ಲಗ್ ಇದ್ದರೆ ನಕಲಿ ಎಂಬ ಸಂದೇಶವೂ ಓಡಾಡುತ್ತದೆ. ಅದು ಸರಿಯಲ್ಲ. ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಎರಡು ಪದರ ವಿದ್ಯುತ್ ನಿರೋಧಕವಿರುವ ಯಂತ್ರ, ಅದಕ್ಕೆ ಅರ್ಥ್ ಪಿನ್ ಬೇಕಿಲ್ಲ. ಆ ಗುರುತೂ ಇಲ್ಲ, ಮೂರನೇ ಪಿನ್ನೂ ಇಲ್ಲ ಎಂದರೆ ಮಾತ್ರ ಅಂಗಡಿಗೇ ಬಿಟ್ಟುಬನ್ನಿ.

ಟ್ರಿಮ್ಮರಿಗೆ ಗರಗಸದ ಬ್ಲೇಡ್ ಸಿಕ್ಕಿಸಿ ಮರ ಕೊಯ್ಯುವ ಜುಗಾಡ್ ವಿಡಿಯೊ ನೋಡಿದ್ದರೆ ಅದನ್ನು ಮರೆತುಬಿಡಿ. ಅಂಥ ಬ್ಲೇಡುಗಳು 30,000 ಸುತ್ತಿನ ವೇಗಕ್ಕೆ ಮಾಡಿದವಲ್ಲ, ಅದನ್ನು ಮುಚ್ಚುವ ಕವಚವೂ ಟ್ರಿಮ್ಮರಿನಲ್ಲಿಲ್ಲ.

ಕಾಣುವ ಗಾಯವಷ್ಟೇ ಅಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ದೂಳನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಇದು ಒಂದು ದಿನದ ಕೆಲಸಕ್ಕೆ ಹೆದರುವ ಮಾತಲ್ಲ, ವರ್ಷಗಟ್ಟಲೆ ಉಸಿರಾಡುವವರ ಮಾತು. ಎಂಡಿಎಫ್ ದೂಳು ಹಿಟ್ಟಿನಷ್ಟು ಸಣ್ಣದು, ಕರ್ಚೀಫು ಅದನ್ನು ತಡೆಯುವುದಿಲ್ಲ. ಎನ್95 ಮಾಸ್ಕ್, ಬದಿಯೂ ಮುಚ್ಚುವ ಕನ್ನಡಕ, ಕಿವಿಗೆ ಇಯರ್ ಪ್ಲಗ್, ಈ ಮೂರನ್ನೂ ಯಂತ್ರದ ಜೊತೆಗೇ ಕೊಂಡುಬಿಡಿ. ಕೆಲಸಕ್ಕೆ ಬಡಗಿಯನ್ನು ಕರೆದಿದ್ದರೆ ಅವರಿಗೂ ಒಂದು ಮಾಸ್ಕ್ ಕೊಡಿ.

ಬಿಟ್ ಬದಲಿಸುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಆರಿಸಿದ ಮೇಲೂ ಬಿಟ್ ಕೆಲ ಕಾಲ ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಲ್ಲುವವರೆಗೆ ಕೆಳಗಿಡಬೇಡಿ. ನಿಂತ ಮೇಲೂ ಬಿಸಿಯಾಗಿರುತ್ತದೆ, ಒಂದೈದು ನಿಮಿಷ ಬಿಟ್ಟು ಮುಟ್ಟಿ.