‘ಜಿ.ಎ.’ ಟಾನಿಕ್ ಅಲ್ಲ: ಗಿಡದ ಪ್ರೋಟೀನುಗಳ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ‘ಜಿ.ಎ.’ ಹೊಸ ಹೆಸರೇನಲ್ಲ. ಜಿಬ್ಬೆರೆಲಿಕ್ ಆಮ್ಲದ ಬಿಳಿ ಪುಡಿ ನೀರಿನಲ್ಲಿ ಸುಲಭವಾಗಿ ಕರಗದು. ಹಾಗಾಗಿ ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲೋ ಅಸಿಟೋನಿನಲ್ಲೋ ಕರಗಿಸಿ, ಆಮೇಲೆ ನೀರಿಗೆ ಬೆರೆಸಿ, ಗೊಂಚಲುಗಳನ್ನು ಒಂದೊಂದಾಗಿ ಅದ್ದುತ್ತಾರೆ. ಕಾಯಿ ದಪ್ಪಗಾಗುತ್ತದೆ. ‘ಟಾನಿಕ್ ಕೊಟ್ಟೆವು, ಬೆಳೆಯಿತು’ ಅನ್ನುವುದು ರೂಢಿಯ ಮಾತು. ಬೆಳೆಯಬೇಕಾದರೆ ಗಿಡದಲ್ಲಿ ಪ್ರೋಟೀನ್ ಹೆಚ್ಚಬೇಕು, ಜಿ.ಎ. ಅದಕ್ಕೆ ಆಹಾರ ಎಂಬ ಎಣಿಕೆ ಅದರ ಹಿಂದಿದೆ.

ಎಣಿಕೆ ತಪ್ಪು. ಲೀಟರ್ ನೀರಿಗೆ ಬೆರೆಸುವ ಆ ಒಂದಿಷ್ಟು ಮಿಲಿಗ್ರಾಂ ಪುಡಿ ಯಾವ ಕಾಯಿಗೂ ಆಹಾರವಾಗಲಾರದು. ಜಿ.ಎ. ಮಾಡುವುದು ಬೇರೆಯೇ ಕೆಲಸ: ಗಿಡದಲ್ಲಿ ಮೊದಲೇ ಇರುವ ಒಂದು ಬಗೆಯ ಪ್ರೋಟೀನನ್ನು ನಾಶ ಮಾಡಿಸುವುದು.

ಈ ಗುಟ್ಟು ಬಿಟ್ಟುಕೊಟ್ಟದ್ದು ಸಾಸಿವೆ ಕುಟುಂಬದ ಒಂದು ಪುಟ್ಟ ಕಳೆ, ಅರಬಿಡಾಪ್ಸಿಸ್. ಬಿತ್ತಿದ ಬೀಜ ಮೊಳೆತು ಬೆಳೆದು ಮತ್ತೆ ಬೀಜ ಕಟ್ಟುವುದಕ್ಕೆ ಅದಕ್ಕೆ ಆರು ವಾರ ಸಾಕು. ಇಡೀ ಜೀನೋಮನ್ನು ಓದಿ ಮುಗಿಸಿದ ಮೊದಲ ಸಸ್ಯ ಅದೇ, 2000ದಲ್ಲಿ. ಇದರಲ್ಲಿ ‘ಗಾಯ್’ ಎಂಬ ಕುಳ್ಳ ತಳಿಯೊಂದಿದೆ. ಕಡುಹಸಿರು ಎಲೆ, ಗಿಡ್ಡ ಕಾಂಡ. ಎಷ್ಟು ಜಿ.ಎ. ಸಿಂಪಡಿಸಿದರೂ ಎತ್ತರವಾಗದು. ಕಾರಣ ಗೊತ್ತಾದದ್ದು 1997ರಲ್ಲಿ: ಐನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳಿರುವ ಒಂದು ಪ್ರೋಟೀನಿನಲ್ಲಿ ಬರೀ 17 ಕಾಣೆಯಾಗಿದ್ದವು.

ಆ ಪ್ರೋಟೀನು ‘ಡೆಲ್ಲಾ’ ಕುಟುಂಬದ್ದು. ಅರಬಿಡಾಪ್ಸಿಸ್‌ನಲ್ಲಿ ಈ ಕುಟುಂಬದ ಸದಸ್ಯರು ಐದು, ಬೆಳವಣಿಗೆಗೆ ತಡೆ ಒಡ್ಡುವುದೇ ಅವುಗಳ ಕೆಲಸ. ಜಿಬ್ಬೆರೆಲಿನ್ (ಜಿ.ಎ. ಈ ಗುಂಪಿನ ಹಾರ್ಮೋನು) ಬಂದು ತನ್ನ ಗ್ರಾಹಕ ಪ್ರೋಟೀನಿನಲ್ಲಿ ಕೂತಾಗ ಆ ಜೋಡಿ ಡೆಲ್ಲಾವನ್ನು ಹಿಡಿಯುತ್ತದೆ. ಹಿಡಿದ ಡೆಲ್ಲಾಕ್ಕೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನುಗಳ ಸರ ಅಂಟಿಸಲಾಗುತ್ತದೆ. ರಸ್ತೆ ಅಗಲಿಸುವಾಗ ಕಡಿಯಬೇಕಾದ ಮರಗಳಿಗೆ ಬಣ್ಣ ಬಳಿದು ನಂಬರ್ ಹಾಕುತ್ತಾರಲ್ಲ, ಹಾಗೆ. ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಸೋಮ್ ಎಂಬ ಯಂತ್ರ ನುಂಗಿ ತುಂಡರಿಸುತ್ತದೆ. ತಡೆ ಹೋಯಿತು, ಕಾಂಡ ಎದ್ದಿತು. ಕುಳ್ಳ ತಳಿಯಲ್ಲಿ ಕಾಣೆಯಾದ 17 ಅಮೈನೋ ಆಮ್ಲಗಳು ಡೆಲ್ಲಾವನ್ನು ಹಿಡಿಯಬೇಕಾದ ಜಾಗದಲ್ಲೇ ಇದ್ದಂಥವು. ಹಿಡಿತಕ್ಕೆ ಸಿಗದ ಡೆಲ್ಲಾ ಸಾಯುವುದಿಲ್ಲ, ಗಿಡ ಏಳುವುದಿಲ್ಲ.

ದ್ರಾಕ್ಷಿಯಲ್ಲೂ ಇದೇ ಬಗೆಯ ಪ್ರೋಟೀನಿದೆ. ಫ್ರಾನ್ಸಿನ ಪಿನೋ ಮ್ಯುನಿಯೇ ತಳಿಯಿಂದ ಪಡೆದ ಒಂದು ಕುಳ್ಳ ಬಳ್ಳಿಯಲ್ಲಿ ಅದು ಕೆಟ್ಟಿರುವುದು 2002ರಲ್ಲಿ ಪತ್ತೆಯಾಯಿತು. ಆ ಬಳ್ಳಿಯಲ್ಲಿ ಬಳ್ಳಿಕುಡಿ ಬರಬೇಕಾದ ಕಡೆಯೆಲ್ಲ ಹೂಗೊಂಚಲು!

ಹಾಗಾದರೆ ಡೆಲ್ಲಾ ಗಿಡದ ಶತ್ರುವೇ? ಬೆಳವಣಿಗೆ ತಡೆಯುವುದೆಲ್ಲ ಕೆಟ್ಟದ್ದು ಎಂಬುದೂ ತಪ್ಪು ಕಲ್ಪನೆಯೇ. ಡೆಲ್ಲಾಗಳಲ್ಲಿ ನಾಲ್ಕನ್ನು ಕಳೆದುಕೊಂಡ ಅರಬಿಡಾಪ್ಸಿಸ್ ಉಪ್ಪು ಹೆಚ್ಚಿದ ಮಣ್ಣಿನಲ್ಲಿ ಮಾಮೂಲಿ ಗಿಡಕ್ಕಿಂತ ಬೇಗ ಸಾಯುತ್ತದೆ. ಕಷ್ಟಕಾಲದಲ್ಲಿ ಬೆಳೆಯದೆ ಇರುವುದೇ ಅದಕ್ಕೆ ರಕ್ಷೆ.

‘ಲ್ಯಾಬಿನ ಕಳೆಗಿಡದಿಂದ ಹೊಲಕ್ಕೇನು ಲಾಭ?’ ಎಂದು ಕೇಳುವವರಿಗೆ ಗೋಧಿಯೇ ಉತ್ತರ. ಹಸಿರು ಕ್ರಾಂತಿಯ ಗಿಡ್ಡ ಗೋಧಿ ತಳಿಗಳು ಯಾಕೆ ಗಿಡ್ಡ ಎಂಬುದು ಅವು ಭಾರತಕ್ಕೆ ಬಂದು ಮೂವತ್ತು ವರ್ಷ ಕಳೆದರೂ ಅಣುಮಟ್ಟದಲ್ಲಿ ಗೊತ್ತಿರಲಿಲ್ಲ. ಅರಬಿಡಾಪ್ಸಿಸ್‌ನ ಜೀನನ್ನೇ ಸುಳಿವಾಗಿ ಹಿಡಿದು ಹುಡುಕಿದಾಗ, 1999ರಲ್ಲಿ, ಗೋಧಿಯಲ್ಲೂ ಕೆಟ್ಟಿರುವುದು ಡೆಲ್ಲಾ ಎಂದು ತಿಳಿಯಿತು. ಗಿಡ್ಡ ಭತ್ತ ಐಆರ್-8ರದ್ದು ಬೇರೆ ಕಥೆ. ಅಲ್ಲಿ ಕೆಟ್ಟಿರುವುದು ಜಿಬ್ಬೆರೆಲಿನ್ ತಯಾರಿಸುವ ಕಿಣ್ವ. ಆದ್ದರಿಂದ ಜಿ.ಎ. ಸಿಂಪಡಿಸಿದರೆ ಐಆರ್-8 ಎತ್ತರವಾಗುತ್ತದೆ, ಗಿಡ್ಡ ಗೋಧಿ ಜಗ್ಗುವುದಿಲ್ಲ. ಹೊರಗೆ ಒಂದೇ ರೂಪ, ಒಳಗಿನ ಕಾರಣ ಬೇರೆ.

ಪ್ರೋಟೀನ್ ಹೆಚ್ಚಿದ್ದಷ್ಟೂ ಕೆಲಸ ಹೆಚ್ಚು ಅನ್ನುವವರು ರುಬಿಸ್ಕೋ ಕಡೆ ನೋಡಬೇಕು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಈ ಕಿಣ್ವ ಅನೇಕ ಗಿಡಗಳ ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ಇರುತ್ತದೆ. ಇಷ್ಟಿದ್ದರೂ ಅದು ಮಹಾ ಸೋಮಾರಿ, ಸೆಕೆಂಡಿಗೆ ಹಿಡಿಯುವುದು ಮೂರೋ ನಾಲ್ಕೋ ಅಣು. 1980ರ ದಶಕದಲ್ಲಿ ಸಿಕ್ಕ ಒಂದು ಅರಬಿಡಾಪ್ಸಿಸ್ ತಳಿಯಲ್ಲಿ ರುಬಿಸ್ಕೋ ಬೇಕಾದಷ್ಟಿತ್ತು, ಆದರೂ ಅದು ಸಾಮಾನ್ಯ ಗಾಳಿಯಲ್ಲಿ ಬೆಳೆಯುತ್ತಿರಲಿಲ್ಲ. ರುಬಿಸ್ಕೋದ ಬಾಯಿಗೆ ಸಿಕ್ಕಿಕೊಂಡ ಸಕ್ಕರೆ ಅಣುವನ್ನು ಬಿಡಿಸುವ ‘ಆಕ್ಟಿವೇಸ್’ ಎಂಬ ಇನ್ನೊಂದು ಪ್ರೋಟೀನ್ ಅದರಲ್ಲಿ ಇರಲಿಲ್ಲ.

ಗಿಡ ಸರಳ ಜೀವಿ ಎಂಬ ಮಾತನ್ನಂತೂ ಬೇಗ ಮುಗಿಸಬಹುದು. ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000, ಈ ಕಳೆಯಲ್ಲಿ ಸುಮಾರು 27,000. ನಾಶವಾಗಬೇಕಾದ ಪ್ರೋಟೀನನ್ನು ಆರಿಸುವ ‘ಎಫ್-ಬಾಕ್ಸ್’ ಪ್ರೋಟೀನುಗಳು ನಮ್ಮಲ್ಲಿ ಎಪ್ಪತ್ತರಷ್ಟು, ಅದರಲ್ಲಿ ಏಳುನೂರರಷ್ಟು.

ಆ ಏಳುನೂರರಲ್ಲಿ ಒಂದು ಟಿಐಆರ್-1. ಆಕ್ಸಿನ್ ಎಂಬ ಹಾರ್ಮೋನನ್ನು ಗುರುತಿಸುವುದು ಇದೇ ಎಂದು 2005ರಲ್ಲಿ ಖಚಿತವಾಯಿತು. ಆಕ್ಸಿನ್ ಇದಕ್ಕೂ ಬೇರೊಂದು ಬಗೆಯ ತಡೆ ಪ್ರೋಟೀನಿಗೂ ನಡುವೆ ಕೂತು ಎರಡನ್ನೂ ಅಂಟಿಸುತ್ತದೆ, ಆಮೇಲೆ ಅದೇ ಯುಬಿಕ್ವಿಟಿನ್, ಅದೇ ಪ್ರೋಟಿಯಸೋಮ್. ಈ ತಡೆ ಪ್ರೋಟೀನುಗಳಲ್ಲಿ ಕೆಲವು ನಿಮಿಷಗಳಲ್ಲೇ ಕರಗಿಹೋಗುತ್ತವೆ.

ಇಲ್ಲಿಂದ ಕಳೆನಾಶಕ 2,4-ಡಿಗೆ ಒಂದೇ ಹೆಜ್ಜೆ. ‘ಕಳೆಯನ್ನು ಸುಡುತ್ತದೆ’ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ಸುಡುವುದಿಲ್ಲ. ಅದು ಕೃತಕ ಆಕ್ಸಿನ್. ಟಿಐಆರ್-1 ಕುಟುಂಬದ ಪ್ರೋಟೀನುಗಳಲ್ಲೇ ಕೂತು, ಬಿಡುವಿಲ್ಲದೆ ತಡೆ ಕಳಚಿಸಿ, ಅಗಲ ಎಲೆಯ ಕಳೆ ಅಡ್ಡಾದಿಡ್ಡಿ ಬೆಳೆದು ತಿರುಚಿಕೊಂಡು ಸಾಯುವಂತೆ ಮಾಡುತ್ತದೆ. ಜೋಳ, ಭತ್ತಗಳಂಥ ಹುಲ್ಲಿನ ಜಾತಿಯವು ಅದನ್ನು ಬೇಗ ಒಡೆದು ನಿರುಪದ್ರವಿ ಮಾಡಿಕೊಳ್ಳುವುದರಿಂದ ಬಹುಮಟ್ಟಿಗೆ ಬದುಕುತ್ತವೆ. ಹತ್ತಿ ಮತ್ತು ದ್ರಾಕ್ಷಿಗೆ ಆ ಶಕ್ತಿಯಿಲ್ಲ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿ ಬಂದ ಹನಿಗೇ ಎಲೆ ಕಿರಿದಾಗಿ, ಸೀಳಿ, ಮುರುಟುತ್ತದೆ. ಹಾರ್ಮೋನಿನ ಲೆಕ್ಕ ಹನಿಗಳದ್ದು, ಬಿಂದಿಗೆಗಳದ್ದಲ್ಲ. 2,4-ಡಿ ಹೊಡೆದ ಪಂಪನ್ನು ಹತ್ತಿಗೋ ದ್ರಾಕ್ಷಿಗೋ ಬಳಸಬೇಡಿ, ಅದಕ್ಕೆಂದೇ ಬೇರೆ ಪಂಪ್ ಇಟ್ಟುಕೊಳ್ಳಿ, ಗಾಳಿ ಬೀಸುವಾಗ ಸಿಂಪಡಿಸಲೇಬೇಡಿ.