ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದರೆ: ಸಿಟಿ ಸ್ಕ್ಯಾನ್ ಏನು ತೋರಿಸುತ್ತದೆ?

ಇದ್ದಕ್ಕಿದ್ದಂತೆ ಎದೆ ನೋವು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ನಮ್ಮಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಇರಬೇಕು’ ಎಂಬುದು. ಕಷಾಯ ಕುಡಿದು ಬೆಳಗಾಗಲಿ ಎಂದು ಕಾಯುತ್ತೇವೆ. ಆದರೆ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡಿದ್ದರೆ ಈ ಕಾಯುವಿಕೆ ಜೀವಕ್ಕೇ ಅಪಾಯ. ಇದನ್ನು ವೈದ್ಯರು ‘ಪಲ್ಮನರಿ ಎಂಬೋಲಿಸಂ’ ಎನ್ನುತ್ತಾರೆ.

ಈ ಹೆಪ್ಪು ಹೆಚ್ಚಾಗಿ ಹುಟ್ಟುವುದು ಕಾಲಿನಲ್ಲಿ. ಅಲ್ಲಿಂದ ಕಳಚಿ, ಹೃದಯದ ಮೂಲಕ ಶ್ವಾಸಕೋಶ ಸೇರುತ್ತದೆ. ಶಸ್ತ್ರಚಿಕಿತ್ಸೆಯಾದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು, ಬಾಣಂತಿಯರು, ಕ್ಯಾನ್ಸರ್ ರೋಗಿಗಳು, ಹಾಸಿಗೆ ಹಿಡಿದವರು ಎಚ್ಚರದಿಂದಿರಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅನೇಕ ಮನೆಗಳ ಮಂದಿ ಮುಂಬಯಿ, ಬೆಂಗಳೂರು, ಗಲ್ಫ್‌ಗಳಲ್ಲಿದ್ದಾರೆ. 4 ಗಂಟೆಗೂ ಹೆಚ್ಚು ಕಾಲ ಕದಲದೆ ಕುಳಿತು ಪ್ರಯಾಣಿಸುವುದೂ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತದೆ.

ಇಸಿಜಿ, ಎಕ್ಸ್‌ರೇ ಸರಿಯಾಗಿದ್ದರೂ ಹೆಪ್ಪು ಇರಬಹುದು. ಅದನ್ನು ನೇರವಾಗಿ ತೋರಿಸುವುದು ‘ಸಿಟಿ ಆಂಜಿಯೋಗ್ರಾಂ’. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಚುಚ್ಚುತ್ತಾರೆ. ಆಗ ಮೈ ಬಿಸಿಯಾದಂತೆ ಅನಿಸುವುದು ಸಹಜ, ಹೆದರಬೇಕಾಗಿಲ್ಲ. ಉಸಿರು ಹಿಡಿದ ಕೆಲವೇ ಕ್ಷಣಗಳಲ್ಲಿ ಚಿತ್ರ ಸಿಗುತ್ತದೆ. ಔಷಧ ಹರಿದ ನಾಳ ಬೆಳ್ಳಗೆ, ಹೆಪ್ಪು ಇರುವ ಜಾಗ ಕಪ್ಪಗೆ ಕಾಣುತ್ತದೆ.

ಹಾಗೆಂದು ಉಸಿರಾಟದ ತೊಂದರೆ ಇರುವ ಎಲ್ಲರಿಗೂ ಈ ಸ್ಕ್ಯಾನ್ ಬೇಕಿಲ್ಲ. ಸಂಶಯ ಕಡಿಮೆಯಿದ್ದು, ‘ಡಿ-ಡೈಮರ್’ ರಕ್ತಪರೀಕ್ಷೆ ಸರಿಯಾಗಿದ್ದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಸ್ಕ್ಯಾನ್ ಕೂಡ ಪರಿಪೂರ್ಣವಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಅದು ಹೆಪ್ಪು ಇದ್ದವರಲ್ಲಿ ಶೇ. 83 ಮಂದಿಯನ್ನು ಗುರುತಿಸಿತ್ತು. ಆದ್ದರಿಂದ ರೋಗಿಯ ಲಕ್ಷಣಗಳನ್ನು ಕೇಳಿ ತಿಳಿಯುವ ವೈದ್ಯರ ತೀರ್ಮಾನವೂ ಮುಖ್ಯ.

ಗರ್ಭಿಣಿಯಾಗಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ, ಹಿಂದೆ ಸ್ಕ್ಯಾನ್ ಔಷಧದಿಂದ ಅಲರ್ಜಿಯಾಗಿದ್ದರೆ ಮೊದಲೇ ಹೇಳಬೇಕು. ಅಂಥವರಿಗೆ ಕಾಲಿನ ಡಾಪ್ಲರ್‌ನಂತಹ ಬೇರೆ ಪರೀಕ್ಷೆಗಳೂ ಇವೆ. ಹೆಪ್ಪು ಪತ್ತೆಯಾದರೆ ರಕ್ತ ತೆಳುಗೊಳಿಸುವ ಔಷಧವನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ. ಗುಣವಾಯಿತೆಂದು ನಾವೇ ನಿಲ್ಲಿಸಬಾರದು.

ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿ.ಮೀ. ದಾರಿ. ಹೀಗಿರುವಾಗ ಮನೆಯಲ್ಲಿ ಕಳೆಯುವ ಪ್ರತಿ ಗಂಟೆಯೂ ನಷ್ಟವೇ. ಉಸಿರು ಕಟ್ಟಿದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆಸುತ್ತಿ ಬಿದ್ದರೆ ಕೂಡಲೇ 108ಕ್ಕೆ ಕರೆ ಮಾಡೋಣ. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸೋಣ. ರೋಗಿಗಳನ್ನು ಕಾಣಲು ಮನೆಗಳಿಗೆ ಹೋಗುವ ವಾಳೆಯ ಗುರಿಕಾರರೂ ಕಾರ್ಯಕರ್ತರೂ ಈ ಮಾತನ್ನು ಮನೆಯವರಿಗೆ ತಿಳಿಸಿದರೆ ಒಂದು ಜೀವ ಉಳಿದೀತು.